ಕಿಬ್ಬೊಟ್ಟೆಯ ಜಗ್ಗುವ ನೋವು: ಗರ್ಭಕೋಶ ತೆಗೆಸುವ ಮುಂಚೆ ರಕ್ತನಾಳದ ಕಡೆ ನೋಡಿ

ಪ್ರಶ್ನೆ: ನನಗೆ 37 ವರ್ಷ. ದೊಡ್ಡ ಮಗಳಿಗೆ 9, ಚಿಕ್ಕ ಮಗನಿಗೆ 5. ಶಾಲೆಯಲ್ಲಿ ಟೀಚರ್ ಆಗಿದ್ದೇನೆ, ದಿನವಿಡೀ ನಿಂತೇ ಪಾಠ. ಮಗ ಹುಟ್ಟಿದ ಮೇಲೆ ಕಿಬ್ಬೊಟ್ಟೆಯಲ್ಲಿ, ಅದರಲ್ಲೂ ಎಡಗಡೆ, ಕೆಳಗೆ ಜಗ್ಗುವಂಥ ನೋವು ಶುರುವಾಯಿತು. ಬೆಳಿಗ್ಗೆ ಎದ್ದಾಗ ಪರವಾಗಿಲ್ಲ. ಸಂಜೆ ಹೊತ್ತಿಗೆ ಒಳಗೆ ಕಲ್ಲು ಕಟ್ಟಿದ ಹಾಗಿರುತ್ತದೆ. ಮುಟ್ಟಿನ ಮುಂಚಿನ ವಾರ ಇನ್ನೂ ಜಾಸ್ತಿ. ಗಂಡನ ಜೊತೆ ಸೇರಿದರೆ ಮರುದಿನದವರೆಗೂ ನೋಯುತ್ತದೆ. ಎರಡನೇ ಬಸುರಿನಲ್ಲಿ ಯೋನಿಯ ಪಕ್ಕದಲ್ಲಿ ನರ ಉಬ್ಬಿದ್ದವು, ಹೆರಿಗೆಯ ನಂತರ ಇಳಿದವು. ಎರಡು ಸಲ ಸ್ಕ್ಯಾನಿಂಗ್ ನಾರ್ಮಲ್ ಬಂತು. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡುವ ಲ್ಯಾಪರೋಸ್ಕೋಪಿಯಲ್ಲೂ ಏನೂ ಕಾಣಲಿಲ್ಲ. ಎಲ್ಲ ಟೆನ್ಷನ್‌ನಿಂದ ಅಂದರು. ಈಗ ಮೂರನೇ ಸ್ಕ್ಯಾನಿಂಗ್‌ನಲ್ಲಿ ಎಡ ಅಂಡಾಶಯದ ರಕ್ತನಾಳ 8 ಮಿಲಿಮೀಟರ್ ಹಿಗ್ಗಿದೆ ಎಂದು ಬಂದಿದೆ. ಒಬ್ಬ ಡಾಕ್ಟರ್ ಗರ್ಭಕೋಶ ತೆಗೆಸಿಬಿಡಿ ಎನ್ನುತ್ತಾರೆ. ಇನ್ನೊಬ್ಬರು ಸಣ್ಣ ಟ್ಯೂಬ್ ಹಾಕಿ ಆ ರಕ್ತನಾಳವನ್ನೇ ಮುಚ್ಚಬಹುದು ಎನ್ನುತ್ತಾರೆ. ಹಾಗೆ ಮುಚ್ಚಿದರೆ ಅಪಾಯ ಇಲ್ವಾ? ಮುಟ್ಟು ನಿಂತುಹೋಗುತ್ತದಾ? ನೋವು ನಿಜಕ್ಕೂ ಹೋಗುತ್ತದಾ? ಇನ್ನೊಂದು ಸಣ್ಣ ವಿಷಯ. ಮಗನನ್ನು ಎತ್ತಿಕೊಂಡರೆ ನೋವು ಜಾಸ್ತಿ. ಮುಂದೆ ಎತ್ತಿಕೊಳ್ಳಬಹುದಾ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಮೊದಲು ನಿಂತದ್ದು 'ಬೆಳಿಗ್ಗೆ ಎದ್ದಾಗ ಪರವಾಗಿಲ್ಲ' ಎಂಬ ಮಾತಿನ ಮೇಲೆ. ಸ್ಕ್ಯಾನಿಂಗ್‌ನ 8 ಮಿಲಿಮೀಟರ್ ಆಮೇಲೆ. ರಾತ್ರಿ ಮಲಗಿದರೆ ಇಳಿಯುವ, ನಿಂತಷ್ಟೂ ಏರುವ, ಮುಟ್ಟಿನ ಮುಂಚೆ ಹೆಚ್ಚುವ, ಸೇರಿದ ಮೇಲೆ ಗಂಟೆಗಟ್ಟಲೆ ಉಳಿಯುವ ನೋವಿಗೆ ಒಂದು ಚಹರೆ ಇದೆ. ಅದರ ಜೊತೆ ಬಸುರಿನಲ್ಲಿ ಯೋನಿಯ ಪಕ್ಕ ಉಬ್ಬಿದ ನರ. ಇಷ್ಟನ್ನು ಕೇಳಿದರೆ ಇಂಥ ನೋವು ನೋಡುವ ಯಾವ ಡಾಕ್ಟರಿಗೂ ರಕ್ತನಾಳದ ನೆನಪು ಬರಬೇಕು. ನಿಮ್ಮ ನೋವು ನಿಜವಾದದ್ದು. ಟೆನ್ಷನ್‌ನಿಂದ ಹುಟ್ಟಿದ್ದಲ್ಲ. ಐದು ವರ್ಷ ನೋವು ತಿಂದವರಿಗೆ ಟೆನ್ಷನ್ ಆಗುವುದು ಸಹಜ, ಅದು ಬೇರೆ ಮಾತು.

ಒಳಗೆ ಏನಾಗಿರಬಹುದು ಎಂದು ಮೊದಲು ಹೇಳುತ್ತೇನೆ. ಆಮೇಲೆ ಚಿಕಿತ್ಸೆಗೆ ಬರೋಣ.

ಕಾಲಿನ ನರ ಉಬ್ಬಿ ನೀಲಿಯಾಗಿ ಸುತ್ತಿಕೊಂಡಿರುವುದನ್ನು ನೀವು ನೋಡಿರುತ್ತೀರಿ. ವೆರಿಕೋಸ್ ವೇನ್ ಎನ್ನುತ್ತಾರೆ. ನಾವು ರೂಢಿಯಲ್ಲಿ ನರ ಅಂದರೂ ಅವು ರಕ್ತನಾಳಗಳೇ. ಮೈಯಿಂದ ಹೃದಯಕ್ಕೆ ರಕ್ತವನ್ನು ವಾಪಸು ಒಯ್ಯುವ ನಾಳಗಳು, ಅಂದರೆ ವೇನ್‌ಗಳು. ರಕ್ತ ಮೇಲಕ್ಕೆ ಹತ್ತಬೇಕು. ಜಾರಿ ಕೆಳಗೆ ಬರದ ಹಾಗೆ ತಡೆಯಲು ಒಳಗೆ ಪುಟ್ಟ ಪುಟ್ಟ ಕವಾಟಗಳಿರುತ್ತವೆ. ಕವಾಟ ಸಡಿಲವಾದರೆ ರಕ್ತ ಹಿಮ್ಮುಖವಾಗಿ ಇಳಿಯುತ್ತದೆ. ಕೆಳಗೆ ನಿಂತು ನಾಳವನ್ನು ಹಿಗ್ಗಿಸುತ್ತದೆ. ನಾಳ ಹಿಗ್ಗಿದ ಮೇಲೆ ಕವಾಟದ ಎರಡು ತುದಿ ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಇನ್ನಷ್ಟು ರಕ್ತ ಇಳಿಯುತ್ತದೆ. ಕಾಲಿನಲ್ಲಿ ಆಗುವ ಇದೇ ಕತೆ ಕಿಬ್ಬೊಟ್ಟೆಯೊಳಗೆ, ಗರ್ಭಕೋಶ ಮತ್ತು ಅಂಡಾಶಯದ ಸುತ್ತ ಆದರೆ ಅದು ಹೊರಗೆ ಕಾಣುವುದಿಲ್ಲ. ಭಾರ ಮತ್ತು ಜಗ್ಗುವಿಕೆ ಮಾತ್ರ ಗೊತ್ತಾಗುತ್ತದೆ.

ಎಡಗಡೆಯೇ ಯಾಕೆ ಜಾಸ್ತಿ? ಬಲ ಅಂಡಾಶಯದ ವೇನ್ ಮೇಲೆ ಹೋಗಿ ಹೊಟ್ಟೆಯ ದೊಡ್ಡ ರಕ್ತನಾಳಕ್ಕೆ ಓರೆಯಾಗಿ ಸೇರುತ್ತದೆ. ಎಡಗಡೆಯದು ಸ್ವಲ್ಪ ಉದ್ದ. ಅದು ಎಡ ಮೂತ್ರಪಿಂಡದ ವೇನ್‌ಗೆ ಹೆಚ್ಚುಕಡಿಮೆ ಲಂಬವಾಗಿ ಹೋಗಿ ಸೇರುತ್ತದೆ. ಹಾಗಾಗಿ ಅಲ್ಲಿ ಒತ್ತಡ ಜಾಸ್ತಿ. ಹುಟ್ಟಿನಿಂದಲೇ ಕವಾಟ ಇಲ್ಲದಿರುವುದೂ ಬಲಕ್ಕಿಂತ ಎಡದಲ್ಲಿ ಹೆಚ್ಚು. ಇದರ ಮೇಲೆ ಬಸುರು. ಆ ತಿಂಗಳುಗಳಲ್ಲಿ ಅಂಡಾಶಯದ ವೇನ್‌ಗಳು ಹಿಡಿಯುವ ರಕ್ತ ಸಾಮಾನ್ಯ ದಿನಗಳ 60 ಪಟ್ಟಿನವರೆಗೂ ಏರಬಹುದು. ಹಾರ್ಮೋನುಗಳು ನಾಳದ ಗೋಡೆಯನ್ನು ಸಡಿಲ ಮಾಡುತ್ತವೆ. ಹೆರಿಗೆಯ ನಂತರ ಬಹಳಷ್ಟು ಜನರಲ್ಲಿ ಅವು ಮೊದಲಿನ ಗಾತ್ರಕ್ಕೆ ಬರುತ್ತವೆ, ಕೆಲವರಲ್ಲಿ ಬರುವುದಿಲ್ಲ. ಎರಡು ಮೂರು ಹೆರಿಗೆ ಆದ ತಾಯಂದಿರಲ್ಲಿ ಈ ತೊಂದರೆ ಹೆಚ್ಚು ಕಾಣುವುದು ಅದಕ್ಕೇ. ಮುಟ್ಟು ನಿಂತ ಮೇಲೆ ಹಾರ್ಮೋನ್ ಇಳಿದು ಹಲವರಲ್ಲಿ ತಾನಾಗಿಯೇ ಕಡಿಮೆಯಾಗುವುದೂ ಅದಕ್ಕೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಂಡಸರಲ್ಲಿ ವೃಷಣದ ಸುತ್ತ ಇದೇ ಥರ ನರ ಉಬ್ಬುತ್ತದೆ, ವೆರಿಕೋಸೀಲ್ ಎನ್ನುತ್ತಾರೆ. ಹೆಂಗಸರಲ್ಲಿ ಅಂಡಾಶಯದ ವೇನ್ ಇರುವ ಹಾಗೆ ಗಂಡಸರಲ್ಲಿ ವೃಷಣದ ವೇನ್. ಎಡಗಡೆ ಅದೂ ಹೋಗಿ ಸೇರುವುದು ಮೂತ್ರಪಿಂಡದ ವೇನ್‌ಗೇ. ಆದರೆ ಅದು ಕೈಗೆ ಸಿಗುತ್ತದೆ, ಕಣ್ಣಿಗೆ ಕಾಣುತ್ತದೆ. ಡಾಕ್ಟರ್ ಮುಟ್ಟಿ ನೋಡಿ ಒಂದು ನಿಮಿಷದಲ್ಲಿ ಹೇಳುತ್ತಾರೆ. ಹೆಂಗಸರ ವಿಷಯದಲ್ಲಿ ಅದೇ ತೊಂದರೆಗೆ ಹೆಸರು ಸಿಗಲು ವರ್ಷಗಟ್ಟಲೆ ಬೇಕಾಗುತ್ತದೆ. ಇದು ನನಗೆ ಇವತ್ತಿಗೂ ಬೇಸರದ ಸಂಗತಿ. ಹಾಗಂತ ಇದು ಹೊಸ ಕಾಯಿಲೆಯೂ ಅಲ್ಲ. ಹೊವರ್ಡ್ ಟೇಲರ್ ಎಂಬ ಅಮೆರಿಕದ ಸ್ತ್ರೀರೋಗ ತಜ್ಞರು 1949ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದರು. 1984ರಲ್ಲಿ ಲಂಡನ್ನಿನ ವೈದ್ಯರು, ಬೇರೆ ಕಾರಣ ಸಿಗದೆ ನೋವು ಪಡುತ್ತಿದ್ದ ಹೆಂಗಸರ ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇಯಲ್ಲಿ ಹಿಗ್ಗಿದ ನಾಳಗಳನ್ನು ತೋರಿಸಿದರು. ಅಂಡಾಶಯದ ವೇನ್‌ಗಳನ್ನು ಒಳಗಿನಿಂದಲೇ ಮುಚ್ಚಿದ ಮೊದಲ ವರದಿ ಬಂದದ್ದು 1993ರಲ್ಲಿ. ಪೆಲ್ವಿಕ್ ಕಂಜೆಶನ್ ಸಿಂಡ್ರೋಮ್ ಎನ್ನುವುದು ಹಳೆಯ ಹೆಸರು, ನಿಮ್ಮ ರಿಪೋರ್ಟಿನಲ್ಲೂ ಇರಬಹುದು. ಈಗ ಪೆಲ್ವಿಕ್ ವೀನಸ್ ಡಿಸಾರ್ಡರ್ ಎನ್ನುವುದು ರೂಢಿಗೆ ಬರುತ್ತಿದೆ.

ಹಾಗಾದರೆ ಲ್ಯಾಪರೋಸ್ಕೋಪಿಯಲ್ಲಿ ಯಾಕೆ ಕಾಣಲಿಲ್ಲ? ಆಗ ನಿಮ್ಮನ್ನು ಹೇಗೆ ಮಲಗಿಸಿದ್ದರು ಎಂದು ಯೋಚಿಸಿ. ಅಂಗಾತ ಮಲಗಿಸಿ, ಟೇಬಲ್ಲಿನ ತಲೆಯ ಕಡೆಯನ್ನು ಕೆಳಗೆ ಇಳಿಸಿರುತ್ತಾರೆ. ಹೊಟ್ಟೆಯೊಳಗೆ ಗ್ಯಾಸ್ ತುಂಬಿರುತ್ತಾರೆ. ಆ ಸ್ಥಿತಿಯಲ್ಲಿ ಕಿಬ್ಬೊಟ್ಟೆಯ ರಕ್ತ ಎಲ್ಲ ಎದೆಯ ಕಡೆ ಹರಿದುಹೋಗುತ್ತದೆ. ಗ್ಯಾಸಿನ ಒತ್ತಡ ಉಳಿದ ನಾಳಗಳನ್ನೂ ಅಮುಕುತ್ತದೆ. ಸಂಜೆ ನಾಲ್ಕು ಗಂಟೆಗೆ ತರಗತಿಯಲ್ಲಿ ನಿಂತಿರುವಾಗ ಉಬ್ಬಿರುವ ನಾಳ, ಆಪರೇಷನ್ ಟೇಬಲ್ ಮೇಲೆ ಖಾಲಿ ಚೀಲದ ಹಾಗೆ ಮಲಗಿರುತ್ತದೆ. ಸರ್ಜನ್ ತಪ್ಪು ಮಾಡಿದರು ಅಂತಲ್ಲ. ಆ ಪರೀಕ್ಷೆ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದು), ಅಂಟಿಕೊಂಡ ಕರುಳು ಇಂಥವನ್ನು ನೋಡಲು ಒಳ್ಳೆಯದು. ಅವು ನಿಮ್ಮಲ್ಲಿ ಕಾಣಲಿಲ್ಲ ಎಂಬುದೂ ಉಪಯೋಗಕ್ಕೆ ಬರುವ ಮಾಹಿತಿಯೇ. ಆ ಡಿವಿಡಿ, ರಿಪೋರ್ಟ್ ಜೋಪಾನವಾಗಿ ಇಟ್ಟುಕೊಳ್ಳಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ನನ್ನ ಇಡೀ ಉತ್ತರದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಿಗ್ಗಿದ ವೇನ್ ಕಂಡಿತು ಅಂದಮಾತ್ರಕ್ಕೆ ನೋವು ಅದರಿಂದಲೇ ಬಂದದ್ದು ಎಂದು ಹೇಳಲಾಗುವುದಿಲ್ಲ. ಮೂತ್ರಪಿಂಡ ದಾನ ಮಾಡಲು ಬಂದ ಆರೋಗ್ಯವಂತ ಹೆಂಗಸರನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ 10ರಲ್ಲಿ ಒಬ್ಬರಿಗೆ ಅಂಡಾಶಯದ ವೇನ್‌ಗಳು ಹಿಗ್ಗಿದ್ದವು. ಅವರಲ್ಲಿ ಎಷ್ಟೋ ಜನರಿಗೆ ಯಾವ ನೋವೂ ಇರಲಿಲ್ಲ. ನಾಳದ ಅಗಲವೂ ಪೂರ್ತಿ ನಂಬುವಂಥದ್ದಲ್ಲ. 6 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಅನುಮಾನ ಪಡುತ್ತೇವೆ, ನಿಜ. ಆದರೆ 5 ಮಿಲಿಮೀಟರಿನ ನಾಳದಲ್ಲಿ ರಕ್ತ ಜೋರಾಗಿ ಹಿಂದಕ್ಕೆ ಬರುತ್ತಿರಬಹುದು, 8 ಮಿಲಿಮೀಟರಿನದ್ದು ಸುಮ್ನೆ ಅಗಲವಾಗಿರಬಹುದು. ಅಳತೆಗಿಂತ ರಕ್ತ ಯಾವ ದಿಕ್ಕಿಗೆ ಹರಿಯುತ್ತಿದೆ ಎನ್ನುವುದು ಮುಖ್ಯ. ಅದಕ್ಕಿಂತ ಮುಖ್ಯ, ನಿಮ್ಮ ನೋವಿನ ಚಹರೆ ಅದಕ್ಕೆ ಹೊಂದುತ್ತದಾ ಎಂಬುದು. ನಿಮ್ಮ ವಿಷಯದಲ್ಲಿ ಪತ್ರದಲ್ಲಿ ಇರುವಷ್ಟು ನೋಡಿದರೆ ಚೆನ್ನಾಗಿಯೇ ಹೊಂದುತ್ತದೆ. ಆದರೂ ಬೇರೆ ಕಾರಣಗಳನ್ನು ಯಾರಾದರೂ ಒಮ್ಮೆ ಕೂತು, ಸಾವಧಾನವಾಗಿ ನೋಡಿರಬೇಕು.

ಯಾಕೆಂದರೆ ಕಿಬ್ಬೊಟ್ಟೆಯಲ್ಲಿ ಆರು ತಿಂಗಳು ದಾಟಿದ ನೋವಿಗೆ ಹತ್ತಾರು ಕಾರಣ ಇರುತ್ತವೆ. ಎಷ್ಟೋ ಸಲ ಎರಡು ಮೂರು ಒಟ್ಟಿಗೇ ಇರುತ್ತವೆ. ಮುಟ್ಟಿನ ದಿನಗಳಲ್ಲಿ ಹಿಂಡುವ ಹಾಗೆ ನೋವು, ಅಧಿಕ ರಕ್ತಸ್ರಾವ ಇದ್ದರೆ ಎಂಡೋಮೆಟ್ರಿಯೋಸಿಸ್ ಅಥವಾ ಆ ಪದರ ಗರ್ಭಕೋಶದ ಗೋಡೆಯೊಳಗೇ ಬೆಳೆಯುವ ಅಡಿನೋಮಯೋಸಿಸ್ ಕಡೆ ನೋಡುತ್ತೇವೆ. ಮೂತ್ರ ತುಂಬಿದಾಗ ನೋವು, ಹೋದಾಗ ಹಗುರ ಅನ್ನಿಸಿದರೆ ಮೂತ್ರಕೋಶ. ಮಲವಿಸರ್ಜನೆಯ ಜೊತೆ ನೋವು ಏರಿಳಿದರೆ ಕರುಳು. ಇನ್ನೊಂದನ್ನು ತುಂಬಾ ಜನ ಮರೆಯುತ್ತಾರೆ: ಕಿಬ್ಬೊಟ್ಟೆಯ ತಳದ ಸ್ನಾಯುಗಳು. ವರ್ಷಗಟ್ಟಲೆ ನೋವು ತಡೆದುಕೊಳ್ಳುವ ಹೆಂಗಸು ಗೊತ್ತಿಲ್ಲದೆಯೇ ಆ ಸ್ನಾಯುಗಳನ್ನು ಬಿಗಿ ಹಿಡಿದಿರುತ್ತಾಳೆ. ಕೊನೆಗೆ ಆ ಬಿಗಿತವೇ ನೋಯತೊಡಗುತ್ತದೆ. ಅದಕ್ಕೆ ರಕ್ತನಾಳ ಮುಚ್ಚಿದರೆ ಏನೂ ಆಗುವುದಿಲ್ಲ, ಫಿಸಿಯೋಥೆರಪಿ ಬೇಕು. ಸೇರುವಾಗಲೇ, ಒಳಗೆ ಹೋಗುವಾಗಲೇ ಚುಚ್ಚುವ ನೋವಿದ್ದರೆ ಸ್ನಾಯುವಿನ ಅನುಮಾನ ಜಾಸ್ತಿ. ಆ ಹೊತ್ತಿಗೆ ಪರವಾಗಿಲ್ಲ, ಆಮೇಲೆ ಗಂಟೆಗಟ್ಟಲೆ ಭಾರ ಎಂದರೆ ರಕ್ತನಾಳದ ಅನುಮಾನ ಜಾಸ್ತಿ. ಇದನ್ನು ಡಾಕ್ಟರಿಗೆ ಬಿಡಿಸಿ ಹೇಳಲು ಮುಜುಗರ ಪಡಬೇಡಿ. ನಮಗೆ ದಾರಿ ತೋರಿಸುವ ಮಾತು ಅದು.

ಪರೀಕ್ಷೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿಂಗ್ ಮಾಡುವಾಗ ನಿಮ್ಮನ್ನು ನಿಲ್ಲಿಸಿ ಅಥವಾ ಅರ್ಧ ಕೂರಿಸಿ, ಉಸಿರು ಬಿಗಿ ಹಿಡಿದು ಮುಕ್ಕಲು ಹೇಳಿ ನೋಡಿದರೆ ಚೆನ್ನ. ಮೊದಲ ಎರಡು ಸ್ಕ್ಯಾನಿಂಗ್ ಮಲಗಿಸಿಯೇ ಮಾಡಿರಬಹುದು. ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್‌ನಲ್ಲಿ ಇನ್ನೆರಡು ಜಾಗ ನೋಡಿಸಿಕೊಳ್ಳಬೇಕು. ಒಂದು, ಎಡ ಮೂತ್ರಪಿಂಡದ ವೇನ್ ಎರಡು ದೊಡ್ಡ ರಕ್ತನಾಳಗಳ ನಡುವೆ ಸಿಕ್ಕಿ ಅಮುಕಿಕೊಂಡಿದೆಯಾ ಎಂದು. ಅಡಕತ್ತರಿಯ ನಡುವೆ ಅಡಕೆ ಸಿಕ್ಕ ಹಾಗೆ ಅನ್ನಿ. ಪಕ್ಕೆಯಲ್ಲಿ ನೋವು, ಮೂತ್ರದಲ್ಲಿ ರಕ್ತದ ಅಂಶ ಇದ್ದರೆ ಇದರ ಅನುಮಾನ ಬರುತ್ತದೆ. ಇನ್ನೊಂದು, ಎಡಗಾಲಿನಿಂದ ಬರುವ ದೊಡ್ಡ ವೇನ್ ಸೊಂಟದ ಮಟ್ಟದಲ್ಲಿ ಒತ್ತಿಹೋಗಿದೆಯಾ ಎಂದು. ಹಾಗಿದ್ದರೆ ಎಡಗಾಲು ಊದುತ್ತಿರಬಹುದು. ಮೇಲೆ ಹೀಗೆ ಅಡ್ಡಿ ಇದ್ದಾಗ ಅಂಡಾಶಯದ ವೇನ್ ಆ ರಕ್ತಕ್ಕೆ ಬದಲಿ ದಾರಿಯಾಗಿ ಹಿಗ್ಗಿರುತ್ತದೆ. ಆ ದಾರಿಯನ್ನು ಯೋಚಿಸದೆ ಮುಚ್ಚಿದರೆ ನೋವು ಹೋಗದಿರಬಹುದು, ಬೇರೆ ತೊಂದರೆಯೂ ಆಗಬಹುದು. ಹಾಗೆಯೇ, ಸ್ವಲ್ಪ ಒತ್ತಿದ ಹಾಗೆ ಕಂಡ ತಕ್ಷಣ ಸ್ಟೆಂಟ್ ಹಾಕಿಬಿಡೋಣ ಎನ್ನುವವರೂ ಇದ್ದಾರೆ. ಸ್ಟೆಂಟ್ ಅಂದರೆ ನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಜೀವಮಾನ ಪೂರ್ತಿ ಒಳಗೇ ಇರುವ ವಸ್ತು. ಇಂಥ ಒತ್ತುವಿಕೆ ಏನೂ ತೊಂದರೆ ಇಲ್ಲದವರ ಸ್ಕ್ಯಾನ್‌ನಲ್ಲೂ ಕಾಣುತ್ತದೆ. ಅಲ್ಲಿ ಅವಸರ ಮಾಡಬೇಡಿ, ಇನ್ನೊಬ್ಬರ ಅಭಿಪ್ರಾಯ ಕೇಳಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ರಕ್ತನಾಳ ಮುಚ್ಚುವ ಚಿಕಿತ್ಸೆಗೆ ಎಂಬೋಲೈಸೇಶನ್ ಎಂದು ಹೆಸರು. ಮಾಡುವವರು ಎಕ್ಸ್‌ರೇ ನೋಡುತ್ತಾ ಟ್ಯೂಬ್ ಮೂಲಕ ಚಿಕಿತ್ಸೆ ಕೊಡುವ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್, ಕೆಲವು ಕಡೆ ವಾಸ್ಕ್ಯುಲರ್ ಸರ್ಜನ್. ನಾನು ಮಾಡುವ ಕೆಲಸವೂ ಅದೇ. ಹಾಗಾಗಿ ಆ ಕೋಣೆಯೊಳಗೆ ಏನು ನಡೆಯುತ್ತದೆ ಎಂದು ಹೇಳುತ್ತೇನೆ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆ ಹಾಕುವುದಿಲ್ಲ. ಬಸುರಿಲ್ಲ ಎಂದು ಮೊದಲು ಖಚಿತ ಮಾಡಿಕೊಳ್ಳುತ್ತೇವೆ, ಯಾಕೆಂದರೆ ಎಕ್ಸ್‌ರೇ ಬಳಸುತ್ತೇವೆ. ಡೈ ಅಲರ್ಜಿ ಇದೆಯಾ, ಕಿಡ್ನಿ ಸರಿ ಇದೆಯಾ ಎಂದು ನೋಡುತ್ತೇವೆ. ನಿಮ್ಮನ್ನು ಮಲಗಿಸಿ, ಕುತ್ತಿಗೆ, ತೊಡೆಸಂದು ಅಥವಾ ತೋಳಿನಲ್ಲಿ ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುತ್ತೇವೆ. ಬೇಕಾದರೆ ಸ್ವಲ್ಪ ಮಂಪರು ಬರುವ ಔಷಧ. ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಎರಡು ಮಿಲಿಮೀಟರ್ ದಪ್ಪದ ಮೆತ್ತನೆಯ ಟ್ಯೂಬನ್ನು ವೇನ್ ಒಳಗೆ ತೂರಿಸಿ, ಎಡ ಮೂತ್ರಪಿಂಡದ ವೇನ್‌ವರೆಗೆ ಒಯ್ಯುತ್ತೇವೆ. ಅಲ್ಲಿಂದ ಕೆಳಗೆ ತಿರುಗಿಸಿದರೆ ಅಂಡಾಶಯದ ವೇನ್. ರಕ್ತನಾಳದ ಒಳಗೋಡೆಗೆ ಸ್ಪರ್ಶ ಗೊತ್ತಾಗುವುದಿಲ್ಲ, ಹಾಗಾಗಿ ಟ್ಯೂಬ್ ಓಡಾಡುವುದು ನಿಮಗೆ ತಿಳಿಯುವುದೇ ಇಲ್ಲ.

ಅಲ್ಲಿ ನಿಂತು ಡೈ ಬಿಟ್ಟು, 'ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಈಗ ಮುಕ್ಕಿ' ಎನ್ನುತ್ತೇವೆ. ಕವಾಟ ಸರಿ ಇದ್ದರೆ ಡೈ ಕೆಳಗೆ ಇಳಿಯದೆ ಮೇಲಕ್ಕೇ ಹೊರಟುಹೋಗುತ್ತದೆ. ಸರಿ ಇಲ್ಲದಿದ್ದರೆ ಪರದೆಯ ಮೇಲೆ ಒಂದು ಕಪ್ಪು ಗೆರೆ ನೇರ ಕೆಳಗಿಳಿದು, ಕಿಬ್ಬೊಟ್ಟೆಯ ತಳಕ್ಕೆ ಬಂದು, ಅಲ್ಲಿ ಬೇರಿನ ಹಾಗೆ ಸುತ್ತಿ ಸುತ್ತಿ ಹರಡಿ, ಗರ್ಭಕೋಶದ ಹಿಂದಿನಿಂದ ಬಲಗಡೆಗೂ ದಾಟುತ್ತದೆ. ಡೈ ಅಲ್ಲೇ ನಿಂತಿರುತ್ತದೆ, ಬೇಗ ಹೋಗುವುದಿಲ್ಲ. ಎಷ್ಟೋ ಸಲ ಆ ಕ್ಷಣದಲ್ಲೇ ಮಲಗಿರುವವರು 'ಡಾಕ್ಟ್ರೇ, ಇದೇ ನೋವು' ಎನ್ನುತ್ತಾರೆ. ವರ್ಷಗಟ್ಟಲೆ ಯಾರೂ ನಂಬದಿದ್ದ ನೋವನ್ನು ಅವರು ಪರದೆಯ ಮೇಲೆ ಮೊದಲ ಸಲ ನೋಡುತ್ತಾರೆ. ಕೆಲವರು ಅಲ್ಲೇ ಅಳುತ್ತಾರೆ. ನಾವು ಸ್ವಲ್ಪ ಹೊತ್ತು ಕೈ ನಿಲ್ಲಿಸುತ್ತೇವೆ.

ಆಮೇಲೆ ಮುಚ್ಚುವ ಕೆಲಸ. ಕೆಳಗಿನ ಸುತ್ತುಗಳಿಗೆ ನೊರೆ ಔಷಧ ಹಾಕುತ್ತೇವೆ. ಪಾಲಿಡೊಕನಾಲ್ ಅಥವಾ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಎಂಬ ಔಷಧವನ್ನು ಒಂದು ಸಿರಿಂಜಿಗೆ, ಅದರ ಮೂರು ನಾಲ್ಕು ಪಟ್ಟು ಗಾಳಿಯನ್ನು ಇನ್ನೊಂದಕ್ಕೆ ತುಂಬಿ, ನಡುವೆ ಪುಟ್ಟ ನಲ್ಲಿ ಜೋಡಿಸಿ, ಹಿಂದೆ ಮುಂದೆ ಇಪ್ಪತ್ತು ಸಲ ಜೋರಾಗಿ ತಳ್ಳುತ್ತೇವೆ. ತೆಳ್ಳಗಿನ ನೀರಿನಂಥ ಔಷಧ ಬಿಳಿ ನೊರೆಯಾಗುತ್ತದೆ. ನೊರೆ ಯಾಕೆ ಅಂದರೆ, ನೀರಾಗಿದ್ದರೆ ರಕ್ತದಲ್ಲಿ ಕರಗಿ ಹೋಗಿಬಿಡುತ್ತದೆ. ನೊರೆ ರಕ್ತವನ್ನು ಪಕ್ಕಕ್ಕೆ ತಳ್ಳಿ ನಾಳದ ಗೋಡೆಗೆ ಅಂಟಿ ನಿಲ್ಲುತ್ತದೆ. ಆ ಗೋಡೆ ಒಳಗೇ ಊದಿಕೊಂಡು ಅಂಟಿಕೊಂಡು ನಿಧಾನವಾಗಿ ಮುಚ್ಚಿಹೋಗುತ್ತದೆ. ಅದರ ಮೇಲಿನ ಉದ್ದನೆಯ ನಾಳಕ್ಕೆ ಕಾಯಿಲ್ ಇಡುತ್ತೇವೆ. ಕಾಯಿಲ್ ಅಂದರೆ ಕೂದಲೆಳೆಯ ಹಾಗೆ ತೆಳ್ಳಗಿನ ಲೋಹದ ತಂತಿ. ಟ್ಯೂಬಿನೊಳಗೆ ನೇರವಾಗಿದ್ದದ್ದು ಹೊರಗೆ ಬಂದ ತಕ್ಷಣ ಸುರುಳಿ ಸುತ್ತಿಕೊಳ್ಳುತ್ತದೆ. ಕೆಲವರು ಕಾಯಿಲ್ ಬದಲು ಪ್ಲಗ್ ಅಥವಾ ಅಂಟು ಬಳಸುತ್ತಾರೆ. ಬಲಗಡೆಯ ವೇನ್, ಸೊಂಟದೊಳಗಿನ ಬೇರೆ ಕವಲುಗಳನ್ನೂ ನೋಡಿ, ಅಲ್ಲಿಯೂ ಹಿಮ್ಮುಖ ಹರಿವು ಇದ್ದರೆ ಅವನ್ನೂ ಮುಚ್ಚುತ್ತೇವೆ. ಒಟ್ಟು ಒಂದರಿಂದ ಒಂದೂವರೆ ಗಂಟೆ. ಕೆಲವು ಗಂಟೆ ಮಲಗಿದ್ದು ಅದೇ ದಿನ ಮನೆಗೆ ಹೋಗುವವರೇ ಹೆಚ್ಚು.

'ನಾಳ ಮುಚ್ಚಿದರೆ ರಕ್ತ ಎಲ್ಲಿಗೆ ಹೋಗಬೇಕು' ಎಂದು ಎಲ್ಲರೂ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಗರ್ಭಕೋಶ, ಅಂಡಾಶಯದಿಂದ ರಕ್ತ ಹೊರಹೋಗಲು ಒಂದಲ್ಲ, ಹಲವು ದಾರಿಗಳಿವೆ. ಕೆಟ್ಟ ದಾರಿಯಲ್ಲಿ ರಕ್ತ ಮೇಲೆ ಹೋಗುತ್ತಲೇ ಇರಲಿಲ್ಲ, ಕೆಳಗೆ ಸುರಿಯುತ್ತಿತ್ತು. ಅದನ್ನು ಮುಚ್ಚಿದರೆ ಒಳ್ಳೆಯ ದಾರಿಗಳ ಮೇಲಿನ ಹೊರೆ ಕಡಿಮೆಯಾಗುತ್ತದೆ. ಅಂಡಾಶಯಕ್ಕೆ ಶುದ್ಧ ರಕ್ತ ತರುವ ನಾಳವನ್ನು ನಾವು ಮುಟ್ಟುವುದೇ ಇಲ್ಲ. ಗರ್ಭಕೋಶದ ಗೆಡ್ಡೆಗೆ ಮಾಡುವ ಎಂಬೋಲೈಸೇಶನ್ ಬೇರೆ, ಅಲ್ಲಿ ರಕ್ತ ತರುವ ನಾಳವನ್ನು ಮುಚ್ಚುತ್ತಾರೆ. ಹೆಸರು ಒಂದೇ ಆದ್ದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ನಿಮ್ಮ ಚಿಕಿತ್ಸೆಯಲ್ಲಿ ಮುಟ್ಟು ನಿಲ್ಲುವುದಿಲ್ಲ. ಆಮೇಲೆ ಬಸುರಾಗಿ ಮಕ್ಕಳನ್ನು ಹೆತ್ತವರಿದ್ದಾರೆ. ಮುಂದೆ ಮತ್ತೆ ಬಸುರಾದರೆ ಉಳಿದ ನಾಳಗಳು ಹಿಗ್ಗಿ ನೋವು ಮರುಕಳಿಸಬಹುದು ಎಂಬುದೂ ನಿಜ. ಹಾಗಾಗಿ ಇನ್ನೊಂದು ಮಗು ಬೇಕು ಅನ್ನಿಸಿದ್ದರೆ ಅದನ್ನು ಮೊದಲೇ ಡಾಕ್ಟರಿಗೆ ಹೇಳಿ.

ಅಪಾಯ ಇಲ್ಲವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ಕೆಲವು ದಿನ ಕಿಬ್ಬೊಟ್ಟೆಯಲ್ಲಿ ಮುಟ್ಟಿನ ನೋವಿನ ಹಾಗೆ ಹಿಂಡುವುದು, ಸ್ವಲ್ಪ ಜ್ವರ ಬರುವುದು ಮಾಮೂಲು. ನಾಳ ಮುಚ್ಚಿಕೊಳ್ಳುವಾಗ ಆಗುವ ಊತ ಅದು, ಸಾಮಾನ್ಯ ನೋವಿನ ಮಾತ್ರೆ ಸಾಕು. ಸೂಜಿ ಹಾಕಿದ ಜಾಗದಲ್ಲಿ ರಕ್ತ ಕಟ್ಟಬಹುದು. ಅಪರೂಪಕ್ಕೆ ಕಾಯಿಲ್ ಜಾರಿ ಶ್ವಾಸಕೋಶದ ಕಡೆ ಹೋಗುವುದುಂಟು. ಸಾಮಾನ್ಯವಾಗಿ ಅದನ್ನು ಇನ್ನೊಂದು ಟ್ಯೂಬಿನಿಂದ ಹಿಡಿದು ಹೊರತೆಗೆಯಲಾಗುತ್ತದೆ. ಸೊಂಟದೊಳಗಿನ ಕವಲುಗಳಲ್ಲಿ ಈ ಅಪಾಯ ಜಾಸ್ತಿ, ಹಾಗಾಗಿ ಅಲ್ಲಿ ನಾನು ಕಾಯಿಲ್‌ಗಿಂತ ನೊರೆಯನ್ನೇ ಇಷ್ಟಪಡುತ್ತೇನೆ. ಮೈಗೆ ನಿಕೆಲ್ ಆಗದವರು, ಅಗ್ಗದ ಓಲೆ ಹಾಕಿದರೆ ಕಿವಿ ಕೆರೆತ ಬರುವವರು, ಅದನ್ನು ಮುಂಚೆಯೇ ಹೇಳಬೇಕು. ಕೆಲವು ಲೋಹಗಳಲ್ಲಿ ಅದು ಇರುತ್ತದೆ. ಚಿಕಿತ್ಸೆಯ ನಂತರ ಯಾವ ಕಂಪನಿಯ ಯಾವ ಕಾಯಿಲ್ ಹಾಕಿದ್ದಾರೆ ಎಂಬ ಕಾರ್ಡ್ ಕೇಳಿ ತೆಗೆದುಕೊಳ್ಳಿ. ಮುಂದೆ ಎಂದಾದರೂ ಎಂಆರ್‌ಐ ಮಾಡಿಸುವಾಗ ಅದನ್ನು ತೋರಿಸಬೇಕಾಗುತ್ತದೆ. ಮನೆಗೆ ಹೋದ ಮೇಲೆ ಉಸಿರಾಟಕ್ಕೆ ಕಷ್ಟ, ಎದೆನೋವು, ಜೋರು ಜ್ವರ, ಒಂದು ಕಾಲು ಮಾತ್ರ ಊದುವುದು, ಇವುಗಳಲ್ಲಿ ಯಾವುದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಬನ್ನಿ.

ನೋವು ಹೋಗುತ್ತದಾ? ಸರಿಯಾಗಿ ಆರಿಸಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಚೆನ್ನಾಗಿ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 127 ಹೆಂಗಸರಿಗೆ ಈ ಚಿಕಿತ್ಸೆ ಕೊಟ್ಟು, ಸರಾಸರಿ ನಾಲ್ಕು ವರ್ಷದ ಹತ್ತಿರದವರೆಗೆ ವಿಚಾರಿಸಿದರು. ಕೊನೆಯವರೆಗೆ ಸಂಪರ್ಕದಲ್ಲಿದ್ದವರಲ್ಲಿ 83 ಶೇಕಡಾ ಜನಕ್ಕೆ ನೋವು ಕಡಿಮೆಯಾಗಿತ್ತು. 13 ಶೇಕಡಾ ಜನಕ್ಕೆ ವ್ಯತ್ಯಾಸ ಕಾಣಲಿಲ್ಲ. 4 ಶೇಕಡಾ ಜನಕ್ಕೆ ಹೆಚ್ಚಾಗಿತ್ತು. ಒಳ್ಳೆಯ ಅಂಕಿಗಳೇ. ಆದರೆ ಈ ವಿಷಯದಲ್ಲಿ ಇರುವ ಅಧ್ಯಯನಗಳಲ್ಲಿ ಬಹುಪಾಲು ಇಂಥವೇ, ಅಂದರೆ ಚಿಕಿತ್ಸೆ ಕೊಟ್ಟವರನ್ನು ಮಾತ್ರ ನೋಡಿದವು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸಿದವು ಕಡಿಮೆ. ನನ್ನ ಕೆಲಸವನ್ನು ನಾನು ಎಷ್ಟೇ ನಂಬಿದರೂ ಇದನ್ನು ಮುಚ್ಚಿಡುವುದು ಸರಿಯಲ್ಲ. ಇನ್ನೊಂದು, ಫಲ ಮರುದಿನವೇ ಸಿಗುವುದಿಲ್ಲ. ಹಿಗ್ಗಿದ ನಾಳಗಳು ಕುಗ್ಗಲು ವಾರಗಳು ಬೇಕು. ಮೊದಲ ಮುಟ್ಟಿನಲ್ಲಿ ನೋವು ಜಾಸ್ತಿ ಅನ್ನಿಸಿದರೆ ಹೆದರಬೇಡಿ. ಮೂರು ತಿಂಗಳು ಕಳೆದ ಮೇಲೆ ಲೆಕ್ಕ ಹಾಕಿ. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತದೆ.

ಗರ್ಭಕೋಶ ತೆಗೆಸುವ ವಿಷಯಕ್ಕೆ ಬರುತ್ತೇನೆ. 2003ರ ಒಂದು ಅಧ್ಯಯನ ಇಲ್ಲಿ ಹೇಳಬೇಕಾದದ್ದು. ಮಾತ್ರೆಗೆ ಬಗ್ಗದ 106 ಹೆಂಗಸರನ್ನು ಗುಂಪುಗಳಾಗಿ ಹಂಚಿ, ಕೆಲವರಿಗೆ ಎಂಬೋಲೈಸೇಶನ್, ಉಳಿದವರಿಗೆ ಗರ್ಭಕೋಶದ ಜೊತೆ ಒಂದು ಅಥವಾ ಎರಡು ಅಂಡಾಶಯ ತೆಗೆಯುವ ಆಪರೇಷನ್ ಮಾಡಿದರು. ವರ್ಷದ ನಂತರ ನೋವು ಹೆಚ್ಚು ಇಳಿದಿದ್ದದ್ದು ಎಂಬೋಲೈಸೇಶನ್ ಆದವರಲ್ಲಿ. ಒಂದೇ ಅಧ್ಯಯನ, ನಿಜ. ಆದರೆ ಯೋಚಿಸಿದರೂ ಅದು ಸರಿ ಅನ್ನಿಸುತ್ತದೆ. ಗರ್ಭಕೋಶ ತೆಗೆದರೂ ಮೂತ್ರಪಿಂಡದ ಮಟ್ಟದಿಂದ ಕೆಳಗೆ ಸುರಿಯುವ ಆ ಕೆಟ್ಟ ನಾಳ ಅಲ್ಲೇ ಇರಬಹುದು. ಅಂಡಾಶಯವನ್ನೂ ತೆಗೆದರೆ 37ಕ್ಕೇ ಮುಟ್ಟು ನಿಂತ ಸ್ಥಿತಿ, ಮೂಳೆ ಮತ್ತು ಹೃದಯದ ಚಿಂತೆ. ನಿಮಗೆ ಅಡಿನೋಮಯೋಸಿಸ್, ತಡೆಯಲಾಗದ ರಕ್ತಸ್ರಾವ ಇಂಥ ಬೇರೆ ಕಾರಣ ಇದ್ದರೆ ಮಾತು ಬೇರೆ, ಅಲ್ಲಿ ಗರ್ಭಕೋಶದ ಆಪರೇಷನ್ ಸರಿಯಾದ ಚಿಕಿತ್ಸೆಯೇ ಆಗಿರಬಹುದು. ಪತ್ರದಲ್ಲಿ ಅಂಥದ್ದೇನೂ ಕಾಣುತ್ತಿಲ್ಲ. ಬರೀ ಈ ನೋವಿಗಾಗಿ, ಬೇರೆ ದಾರಿ ನೋಡದೆ, ಗರ್ಭಕೋಶ ತೆಗೆಸಬೇಡಿ.

ಮಾತ್ರೆಯ ದಾರಿಯೂ ಇದೆ. ಮೆಡ್ರಾಕ್ಸಿಪ್ರೊಜೆಸ್ಟರೋನ್ ಎಂಬ ಹಾರ್ಮೋನ್ ಮಾತ್ರೆ ನೋವನ್ನು ಕಡಿಮೆ ಮಾಡುತ್ತದೆ ಎಂದು 1989ರಲ್ಲೇ ತೋರಿಸಿದ್ದಾರೆ. ನಿಲ್ಲಿಸಿದ ಮೇಲೆ ನೋವು ವಾಪಸು ಬರುವುದು ಅದರ ಕೊರತೆ. ತೂಕ ಏರುವುದು, ಮನಸ್ಸು ಮಂಕಾಗುವುದು ಕೆಲವರಲ್ಲಿ ಆಗುತ್ತದೆ. ಆದರೂ ಕೆಲವು ತಿಂಗಳು ತೆಗೆದುಕೊಂಡು ನೋಡುವುದರಲ್ಲಿ ಒಂದು ಲಾಭ ಇದೆ. ನೋವು ಇಳಿದರೆ ರಕ್ತನಾಳದ ಅನುಮಾನಕ್ಕೆ ಇನ್ನಷ್ಟು ಬಲ ಬರುತ್ತದೆ. ನಿಮ್ಮ ನೋವು ತಡೆಯುವಷ್ಟಿದ್ದರೆ ಏನೂ ಮಾಡದೆ ಕಾಯುವುದಕ್ಕೂ ಅವಕಾಶ ಇದೆ. ಇದು ಜೀವಕ್ಕೆ ಅಪಾಯ ತರುವ ಕಾಯಿಲೆಯಲ್ಲ, ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಅವಸರ ಬೇಡ.

ಹಾಗಾಗಿ ಮುಂದಿನ ಭೇಟಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್‌ನಲ್ಲಿ ಎರಡು ತಿಂಗಳು ದಿನಕ್ಕೆ ಮೂರು ಸಲ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ನೋವಿಗೆ 10ರಲ್ಲಿ ಎಷ್ಟು ಎಂದು ಅಂಕ ಹಾಕಿ. ನೀವು ಟೀಚರ್, ಅಂಕ ಹಾಕುವುದು ರೂಢಿಯೇ ಅಲ್ವಾ. ಪಕ್ಕದಲ್ಲಿ ಮುಟ್ಟಿನ ದಿನ, ಎಷ್ಟು ಪೀರಿಯಡ್ ನಿಂತಿದ್ದಿರಿ, ರಜೆಯ ದಿನ ಹೇಗಿತ್ತು, ಸೇರಿದ ಮರುದಿನ ಹೇಗಿತ್ತು ಎಂದು ಒಂದು ಪದದಲ್ಲಿ ಬರೆಯಿರಿ. ಭಾನುವಾರ 3, ಸೋಮವಾರ ಸಂಜೆ 8 ಎಂದು ಸಾಲಾಗಿ ಬಂದರೆ ಆ ಪುಟ ಮೂರು ಸ್ಕ್ಯಾನಿಂಗ್‌ಗಿಂತ ಹೆಚ್ಚು ಹೇಳುತ್ತದೆ. ಚಿಕಿತ್ಸೆ ಮಾಡುವ ಡಾಕ್ಟರನ್ನು ಕೇಳಿ: ಈ ನೋವಿಗೆ ಬೇರೆ ಕಾರಣ ಇಲ್ಲ ಎಂದು ಹೇಗೆ ಖಚಿತ ಮಾಡಿಕೊಂಡಿರಿ? ಮೂತ್ರಪಿಂಡದ ವೇನ್ ನೋಡಿದಿರಾ? ಇಂಥ ಚಿಕಿತ್ಸೆ ಎಷ್ಟು ಮಾಡಿದ್ದೀರಿ? ಫಲ ಸಿಗದಿದ್ದರೆ ಮುಂದೇನು? ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳದೆ ಉತ್ತರಿಸುವವರ ಹತ್ತಿರ ಮಾಡಿಸಿಕೊಳ್ಳಿ. ನಿಮ್ಮ ಸ್ತ್ರೀರೋಗ ತಜ್ಞರನ್ನೂ ಜೊತೆಗೆ ಇಟ್ಟುಕೊಳ್ಳಿ. ಈ ಕಾಯಿಲೆಯನ್ನು ಒಬ್ಬರೇ ನೋಡಿದರೆ ಒಂದು ಕಡೆ ಮಾತ್ರ ಕಾಣುತ್ತದೆ.

ಇನ್ನು ನೀವು ಸಣ್ಣ ವಿಷಯ ಎಂದು ಕೊನೆಯಲ್ಲಿ ಬರೆದದ್ದು. ಅದು ಸಣ್ಣದಲ್ಲ. ಐದು ವರ್ಷದ ಹುಡುಗ ಅಂದರೆ ಹದಿನೆಂಟು ಕಿಲೋ ಹತ್ತಿರ. ಅವನನ್ನು ಎತ್ತುವಾಗ ಉಸಿರು ಬಿಗಿಯುತ್ತೀರಿ, ಹೊಟ್ಟೆಯ ಒತ್ತಡ ಏರುತ್ತದೆ, ರಕ್ತ ಕೆಳಗೆ ನುಗ್ಗುತ್ತದೆ. ನಾವು ಕೋಣೆಯಲ್ಲಿ 'ಮುಕ್ಕಿ' ಎಂದು ಹೇಳಿ ಮಾಡಿಸುವುದೂ ಅದನ್ನೇ. ನೋವು ಬರುವುದು ಅದಕ್ಕೆ. ಚಿಕಿತ್ಸೆ ಮಾಡಿಸಿಕೊಂಡರೆ ಮೊದಲ ಎರಡು ವಾರ ಎತ್ತಬೇಡಿ, ಕಾಯಿಲ್ ಗಟ್ಟಿಯಾಗಿ ಕೂರಲಿ. ಆಮೇಲೆ ನಿಮ್ಮ ಡಾಕ್ಟರ್ ಸರಿ ಅಂದರೆ ಎತ್ತಿಕೊಳ್ಳಿ. ಅಲ್ಲಿಯವರೆಗೆ ನೀವು ಕುರ್ಚಿಯ ಮೇಲೆ ಕೂತುಕೊಂಡು ಕರೆಯಿರಿ, ಅವನೇ ತೊಡೆ ಹತ್ತಿ ಬರಲಿ.